ಉಸಿರಾಟದ ಅಲರ್ಜಿ ಮತ್ತು ಯುವಜನರ ಏಕಾಗ್ರತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿನವು ವಿದ್ಯಾರ್ಥಿಗಳು, ಹೊಸದಾಗಿ ಕೆಲಸಕ್ಕೆ ಸೇರಿದವರು ಮತ್ತು ಅವರ ತಂದೆತಾಯಂದಿರು ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು. ಕೇಳುವವರ ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಇಲ್ಲಿ ‘ಉಸಿರಾಟದ ಅಲರ್ಜಿ’ ಎಂದರೆ ಮುಖ್ಯವಾಗಿ ಮೂಗಿನ ಅಲರ್ಜಿ, ಅದರ ಜೊತೆಗೆ ಬರುವ ಕಣ್ಣಿನ ತುರಿಕೆ ಮತ್ತು ಅಲರ್ಜಿಯಿಂದ ಕೆರಳುವ ಉಬ್ಬಸ. ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರೇ ತೀರ್ಮಾನಿಸಬೇಕು. ಅವರೆದುರು ಕುಳಿತಾಗ ಏನು ಹೇಳಬೇಕು, ಏನು ಕೇಳಬೇಕು ಎಂಬುದಕ್ಕೆ ಈ ಪುಟ ನೆರವಾಗಬಹುದು.

## ಮೊದಲ ಪ್ರಶ್ನೆಗಳು

ಮೂಗು ಸೋರುವುದು ಮೂಗಿನ ತೊಂದರೆ. ಅದಕ್ಕೂ ಓದಿನಲ್ಲಿ ಮನಸ್ಸು ನಿಲ್ಲದಿರುವುದಕ್ಕೂ ಎಲ್ಲಿಯ ಸಂಬಂಧ?

ಎಲ್ಲರ ಕಣ್ಣಿಗೂ ಬೀಳುವ ಸಂಬಂಧವೆಂದರೆ ಅಡಚಣೆ. ಪುಟದ ಮೇಲೆ ಬಗ್ಗಿ ಓದುತ್ತಿರುವವರ ಮೂಗಿನ ತುದಿಗೆ ನೀರು ಇಳಿಯುತ್ತದೆ, ಎಡಗೈ ತಾನಾಗಿ ಕರವಸ್ತ್ರದತ್ತ ಹೋಗುತ್ತದೆ, ಬಂದೇ ಬಿಟ್ಟಿತು ಎನ್ನುವ ಸೀನಿಗಾಗಿ ಮನಸ್ಸು ಓದನ್ನು ಬಿಟ್ಟು ಕಾಯುತ್ತದೆ, ಸೀನಿದ ಮೇಲೆ ಕಣ್ಣು ಮತ್ತೆ ಅದೇ ಸಾಲಿನ ಮೊದಲಿಗೆ ಹಿಂದಿರುಗುತ್ತದೆ. ಇದರ ಹಿಂದಿರುವುದು ದೇಹದ ರಕ್ಷಣಾ ವ್ಯವಸ್ಥೆಯ ತಪ್ಪು ಗುರುತು. ಪರಾಗ, ಧೂಳಿನ ನುಸಿ, ಬೂಷ್ಟು, ಸಾಕುಪ್ರಾಣಿಗಳ ಚರ್ಮದ ಹೊಟ್ಟು ಮುಂತಾದ ನಿರಪಾಯದ ವಸ್ತುಗಳ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಾಗಿ ಮೂಗಿನ ಒಳಪೊರೆಯಲ್ಲಿರುವ ಮಾಸ್ಟ್ ಎಂಬ ರಕ್ಷಣಾ ಕೋಶಗಳ ಮೇಲೆ ಕುಳಿತಿರುತ್ತದೆ. ಅದೇ ವಸ್ತು ಮತ್ತೆ ಮೂಗು ಹೊಕ್ಕಾಗ ಆ ಕೋಶಗಳು ಕೆಲವೇ ನಿಮಿಷಗಳಲ್ಲಿ ಹಿಸ್ಟಮೀನ್ ಮತ್ತಿತರ ರಾಸಾಯನಿಕಗಳನ್ನು ಸುರಿಯುತ್ತವೆ.

ಆದರೆ ಸೀನಿನ ಅಡಚಣೆಗಿಂತ ಹೆಚ್ಚು ಹಾನಿ ಮಾಡುವ ಎರಡು ದಾರಿಗಳು ಹೊರಗೆ ಕಾಣುವುದಿಲ್ಲ: ಕಟ್ಟಿದ ಮೂಗು ಕೆಡಿಸುವ ರಾತ್ರಿಯ ನಿದ್ದೆ ಮತ್ತು ಅಲರ್ಜಿಗೆಂದು ನುಂಗಿದ ಮಾತ್ರೆಯೇ ತರುವ ಮಂಪರು. ಈ ಪುಟದ ಹೆಚ್ಚಿನ ಭಾಗ ಈ ಎರಡರ ಸುತ್ತಲೇ ಇದೆ, ಏಕೆಂದರೆ ಸರಿಪಡಿಸಲು ಹೆಚ್ಚು ಅವಕಾಶವಿರುವುದೂ ಅಲ್ಲಿಯೇ.

ನನಗೆ ವರ್ಷಪೂರ್ತಿ ನೆಗಡಿ. ಇದು ಅಲರ್ಜಿಯೇ ಎಂದು ತಿಳಿಯುವುದು ಹೇಗೆ?

ವೈರಸ್ಸಿನಿಂದ ಬರುವ ನೆಗಡಿ ಸಾಮಾನ್ಯವಾಗಿ ವಾರ, ಹತ್ತು ದಿನಗಳಲ್ಲಿ ಇಳಿಯುತ್ತದೆ ಮತ್ತು ಮೈಕೈ ನೋವು, ಗಂಟಲು ನೋವು, ಕೆಲವೊಮ್ಮೆ ಜ್ವರವನ್ನು ಜೊತೆಗೆ ತರುತ್ತದೆ. ಅಲರ್ಜಿಯಲ್ಲಿ ಜ್ವರ ಬರುವುದಿಲ್ಲ. ನೀರಿನಂಥ ತೆಳುವಾದ ಸಿಂಬಳ, ಒಂದರ ಹಿಂದೊಂದು ಸೀನು, ಮೂಗು, ಕಣ್ಣು ಮತ್ತು ಅಂಗುಳಿನ ತುರಿಕೆ ಅದರ ಗುರುತುಗಳು. ನಾಲಿಗೆಯನ್ನು ಅಂಗುಳಿಗೆ ಉಜ್ಜಿ ‘ಕ್ಲಕ್’ ಎಂದು ಸದ್ದು ಮಾಡುವ ಅಭ್ಯಾಸ, ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಒತ್ತಿ ಉಜ್ಜಿ ಉಜ್ಜಿ ಮೂಗಿನ ಮೇಲೆ ಬಿದ್ದ ಅಡ್ಡಗೆರೆ, ಕಣ್ಣಿನ ಕೆಳಗಿನ ಕಪ್ಪು ಇವನ್ನು ಅನುಭವಿ ವೈದ್ಯರು ರೋಗಿ ಬಾಯಿ ತೆರೆಯುವ ಮೊದಲೇ ಗಮನಿಸಿರುತ್ತಾರೆ. ಅಲರ್ಜಿ ಹೌದೋ ಅಲ್ಲವೋ, ಹೌದಾದರೆ ಯಾವುದಕ್ಕೆ ಎಂದು ಖಚಿತಪಡಿಸಲು ಚರ್ಮದ ಚುಚ್ಚು ಪರೀಕ್ಷೆ ಅಥವಾ ಆಯಾ ವಸ್ತುವಿನ ಐಜಿಇಯನ್ನು ಅಳೆಯುವ ರಕ್ತಪರೀಕ್ಷೆ ಮಾಡಿಸಬಹುದು. ಚುಚ್ಚು ಪರೀಕ್ಷೆಗೆ ಕೆಲವು ದಿನ ಮೊದಲೇ ಅಲರ್ಜಿ ಮಾತ್ರೆಯನ್ನು ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಚರ್ಮ ಪ್ರತಿಕ್ರಿಯೆಯನ್ನೇ ತೋರುವುದಿಲ್ಲ.

ಒಂದೇ ಹೊಳ್ಳೆ ಸದಾ ಕಟ್ಟಿರುವುದು, ಒಂದೇ ಕಡೆಯಿಂದ ರಕ್ತ ಅಥವಾ ದುರ್ನಾತದ ಸಿಂಬಳ ಬರುವುದು ಅಲರ್ಜಿಯ ಲಕ್ಷಣವಲ್ಲ. ಅಂಥವರು ಈ ಪುಟವನ್ನು ಇಲ್ಲಿಗೇ ಬಿಟ್ಟು ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಮಗ ಪುಸ್ತಕ ಹಿಡಿದರೆ ಸಾಕು, ಅಲರ್ಜಿ ಎನ್ನುತ್ತಾನೆ. ಇದು ನೆಪವಲ್ಲವೇ?

ನೆಪ ಹೇಳುವವರು ಇರಬಹುದು; ಆದರೆ ನೆಪವೆಂದು ತೀರ್ಪು ಕೊಡುವ ಮೊದಲು ತಿಳಿದಿರಬೇಕಾದ ಸಂಗತಿಗಳಿವೆ. ಬ್ರಿಟನ್ನಿನಲ್ಲಿ 15ರಿಂದ 17 ವರ್ಷದ 1,834 ವಿದ್ಯಾರ್ಥಿಗಳ ಚಳಿಗಾಲದ ಪೂರ್ವಸಿದ್ಧತಾ ಪರೀಕ್ಷೆಯನ್ನೂ ಪರಾಗದ ಕಾಲವಾದ ಬೇಸಿಗೆಯ ಅಂತಿಮ ಪರೀಕ್ಷೆಯನ್ನೂ ಹೋಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪರೀಕ್ಷೆಯ ದಿನಗಳಲ್ಲಿ ಅಲರ್ಜಿಯ ಲಕ್ಷಣಗಳಿದ್ದವರು ಒಂದು ಶ್ರೇಣಿ ಕೆಳಗಿಳಿಯುವ ಸಾಧ್ಯತೆ ಇತರರಿಗಿಂತ ಶೇಕಡ 40ರಷ್ಟು ಹೆಚ್ಚಾಗಿತ್ತು. ಮಂಪರು ತರುವ ಮಾತ್ರೆಯನ್ನು ಆಗ ತೆಗೆದುಕೊಳ್ಳುತ್ತಿದ್ದವರಲ್ಲಿ ಅದು ಶೇಕಡ 70ಕ್ಕೆ ಏರಿತ್ತು. ಇಂಥ ಅಧ್ಯಯನ ಕಾರಣವನ್ನು ನೂರಕ್ಕೆ ನೂರು ಸಾಬೀತು ಮಾಡುವುದಿಲ್ಲ ನಿಜ. ಆದರೆ ನಾರ್ವೆಯಲ್ಲಿ ಒಬ್ಬನೇ ವಿದ್ಯಾರ್ಥಿ ಬೇರೆ ಬೇರೆ ದಿನ ಬರೆದ ಪರೀಕ್ಷೆಗಳ ಅಂಕಗಳನ್ನು ಆಯಾ ದಿನದ ಗಾಳಿಯ ಪರಾಗದ ಮಟ್ಟದೊಂದಿಗೆ ಇಟ್ಟು ನೋಡಿದ, 2016ರಲ್ಲಿ ಪ್ರಕಟವಾದ ಕೆಲಸವೂ ಪರಾಗ ಏರಿದ ದಿನ ಸರಾಸರಿ ಅಂಕ ಇಳಿಯುವುದನ್ನೇ ಕಂಡಿತು. ಅಲ್ಲಿ ಹೋಲಿಕೆ ಅದೇ ವಿದ್ಯಾರ್ಥಿಯೊಂದಿಗೇ ಆದ್ದರಿಂದ, ಜಾಣ ಮತ್ತು ದಡ್ಡ, ಶ್ರಮಜೀವಿ ಮತ್ತು ಸೋಮಾರಿ ಎಂಬ ವಾದಕ್ಕೆ ಎಡೆ ಕಡಿಮೆ.

ಇದೇನೂ ಹೊಸ ದೂರಲ್ಲ. 1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬಾಸ್ಟಾಕ್ ತಮ್ಮದೇ ಕಾಯಿಲೆಯನ್ನು ವೈದ್ಯರ ಸಭೆಯ ಮುಂದಿಟ್ಟಾಗ ಕಣ್ಣು, ಮೂಗು, ಎದೆಯ ತೊಂದರೆಗಳ ಜೊತೆಗೆ ಮೈಯ ನಿಶ್ಶಕ್ತಿಯನ್ನೂ ನೆಮ್ಮದಿಯಿಲ್ಲದ ರಾತ್ರಿಗಳನ್ನೂ ಪಟ್ಟಿಗೆ ಸೇರಿಸಿದ್ದರು. ಅಲರ್ಜಿ ಎಂಬ ಪದವೇ ಆಗ ಹುಟ್ಟಿರಲಿಲ್ಲ. ಅದು ಬಂದದ್ದು 1906ರಲ್ಲಿ. ಮನಸ್ಸಿಟ್ಟು ಓದು ಎಂಬ ಬುದ್ಧಿಮಾತು ತಪ್ಪಲ್ಲ, ಆದರೆ ಕಟ್ಟಿದ ಮೂಗಿಗೆ ಅದು ಔಷಧವಾಗುವುದಿಲ್ಲ.

ಚಿಕ್ಕಂದಿನಲ್ಲಿ ಇಲ್ಲದ್ದು ಇಪ್ಪತ್ತರ ವಯಸ್ಸಿನಲ್ಲಿ ಏಕೆ ಶುರುವಾಯಿತು?

ಮೂಗಿನ ಅಲರ್ಜಿ ಬಾಲ್ಯದಲ್ಲೂ ಹರೆಯದಲ್ಲೂ ಯೌವನದಲ್ಲೂ ಮೊದಲ ಬಾರಿಗೆ ಕಾಣಿಸಿಕೊಳ್ಳಬಹುದು. ಈ ವಯಸ್ಸಿನಲ್ಲಿ ಮನೆ ಬಿಟ್ಟು ಹಾಸ್ಟೆಲ್ಲಿಗೋ ಬಾಡಿಗೆ ಕೋಣೆಗೋ ಹೋಗುವುದರಿಂದ ಹೊಸ ಊರಿನ ಪರಾಗ, ಯಾರೋ ಬಳಸಿ ಬಿಟ್ಟ ಹಾಸಿಗೆ, ತೇವ ಹಿಡಿದ ಗೋಡೆ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ತಡರಾತ್ರಿಯ ಓದು ಮತ್ತು ಪಾಳಿಯ ಕೆಲಸದಿಂದ ನಿದ್ದೆ ಮೊದಲೇ ಕೊರತೆಯಲ್ಲಿರುತ್ತದೆ. ಹಿಂದೆ ತಾಯಿ ನೆನಪಿಸಿ ಕೊಡುತ್ತಿದ್ದ ಔಷಧವೂ ತಪ್ಪಿಹೋಗುತ್ತದೆ ಎಂಬುದನ್ನು ಬಹಳ ಜನ ನಗುತ್ತಲೇ ಒಪ್ಪಿಕೊಳ್ಳುತ್ತಾರೆ.

## ನಿದ್ದೆ, ಮೂಗು, ಮಿದುಳು

ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ತಲೆ ಭಾರ. ನಿದ್ದೆ ಆಗಿಲ್ಲವೇನೋ ಎನಿಸುತ್ತದೆ. ಏಕೆ?

ಮಲಗಿದ್ದು ಎಂಟು ಗಂಟೆಯಾದರೂ ನಿದ್ದೆ ಆದದ್ದು ತುಂಡು ತುಂಡಾಗಿ. ಉಸಿರಾಟದ ಇಡೀ ಮಾರ್ಗದಲ್ಲಿ ಗಾಳಿ ಎದುರಿಸುವ ತಡೆಯ ಸುಮಾರು ಅರ್ಧ ಭಾಗ ಮೂಗಿನಲ್ಲೇ ಇರುತ್ತದೆ. ಹೀಗಾಗಿ ಒಳಪೊರೆ ಸ್ವಲ್ಪ ಊದಿಕೊಂಡರೂ ಉಸಿರಿನ ಶ್ರಮ ಬಹಳ ಹೆಚ್ಚುತ್ತದೆ. ಅಂಗಾತ ಮಲಗಿದಾಗ ತಲೆಯ ಭಾಗದ ರಕ್ತನಾಳಗಳಲ್ಲಿ ಒತ್ತಡ ಏರಿ ಮೂಗಿನೊಳಗಿನ ಮೆತ್ತನೆಯ ಅಂಗಾಂಶ ಇನ್ನಷ್ಟು ಊದುತ್ತದೆ, ದಿಂಬಿನಲ್ಲಿ ನುಸಿಯಿದ್ದರೆ ಮೂಗು ಅದಕ್ಕೇ ಒತ್ತಿಕೊಂಡಿರುತ್ತದೆ, ಉರಿಯೂತವನ್ನು ಹತೋಟಿಯಲ್ಲಿಡುವ ಕಾರ್ಟಿಸೋಲ್ ಹಾರ್ಮೋನು ನಡುರಾತ್ರಿಯ ಹೊತ್ತಿಗೆ ಅತಿ ಕಡಿಮೆಯಿರುತ್ತದೆ. ಸೀನು ಮತ್ತು ಮೂಗು ಕಟ್ಟುವಿಕೆ ಬೆಳಗಿನ ಜಾವದಲ್ಲಿ ಹೆಚ್ಚಾಗುವುದು ಇದೆಲ್ಲದರ ಕೂಡುಲೆಕ್ಕ.

ಮೂಗು ಕಟ್ಟಿದಾಗ ಬಾಯಿ ತೆರೆದುಕೊಳ್ಳುತ್ತದೆ, ಗಂಟಲು ಒಣಗುತ್ತದೆ, ಗೊರಕೆ ಶುರುವಾಗುತ್ತದೆ, ಮಿದುಳು ಕೆಲವು ಸೆಕೆಂಡುಗಳ ಮಟ್ಟಿಗೆ ಎಚ್ಚರದ ಅಂಚಿಗೆ ಬಂದು ಮತ್ತೆ ಮುಳುಗುತ್ತದೆ. ಬೆಳಿಗ್ಗೆ ಇದಾವುದೂ ನೆನಪಿರುವುದಿಲ್ಲ. ದಿಂಬಿನ ಮೇಲಿನ ಜೊಲ್ಲಿನ ಕಲೆ, ಹಾಸಿಗೆಯ ಪಕ್ಕ ಖಾಲಿಯಾದ ನೀರಿನ ಬಾಟಲಿ, ಕೋಣೆಯ ಜೊತೆಗಾರನ ಗೊಣಗಾಟ ಮಾತ್ರ ಉಳಿದಿರುತ್ತವೆ. ಏಕಾಗ್ರತೆಯ ದೂರು ಹೊತ್ತು ಬಂದವರನ್ನು ಮೊದಲು ಕೇಳಬೇಕಾದದ್ದು ಹಗಲಿನ ಬಗ್ಗೆಯಲ್ಲ, ಈ ರಾತ್ರಿಯ ಬಗ್ಗೆ. ಮೂಗಿನ ಊತವನ್ನು ಇಳಿಸುವ ಚಿಕಿತ್ಸೆ ಕೊಟ್ಟಾಗ ನಿದ್ದೆಯೂ ಹಗಲಿನ ತೂಕಡಿಕೆಯೂ ಸುಧಾರಿಸುವುದನ್ನು ಹಲವು ಪ್ರಯೋಗಗಳು ತೋರಿಸಿವೆ.

ಬೆಳಿಗ್ಗೆ ಸೀನಿದ್ದು ಅರ್ಧ ಗಂಟೆಗೆ ನಿಂತಿತು. ಆದರೂ ಮಧ್ಯಾಹ್ನದಿಂದ ತಲೆ ಓಡುವುದಿಲ್ಲ. ಇದೂ ಅದರದ್ದೇ?

ಆಗಿರಬಹುದು. ಅಲರ್ಜಿಯ ಪ್ರತಿಕ್ರಿಯೆಗೆ ಎರಡು ಹಂತಗಳಿವೆ. ಮೊದಲನೆಯದು ಹಿಸ್ಟಮೀನಿನದು, ನಿಮಿಷಗಳಲ್ಲಿ ಬಂದು ಹೋಗುತ್ತದೆ. ಎರಡನೆಯದರಲ್ಲಿ ಇಯೊಸಿನೊಫಿಲ್ ಮುಂತಾದ ಬಿಳಿ ರಕ್ತಕಣಗಳು ಒಳಪೊರೆಗೆ ನುಗ್ಗುತ್ತವೆ. ಅದು ನಾಲ್ಕರಿಂದ ಹನ್ನೆರಡು ಗಂಟೆಗಳ ನಡುವೆ ಕಾಣಿಸಿಕೊಂಡು, ಸೀನಿಗಿಂತ ಹೆಚ್ಚಾಗಿ ಮೂಗು ಕಟ್ಟುವಿಕೆ ಮತ್ತು ಆಯಾಸದ ರೂಪದಲ್ಲಿರುತ್ತದೆ. ಸೀನು ನಿಂತು ಎಷ್ಟೋ ಹೊತ್ತಾದ ಮೇಲೆ ಬರುವುದರಿಂದ ಬೆಳಗಿನ ಧೂಳಿಗೂ ಸಂಜೆಯ ಜಡತೆಗೂ ಯಾರೂ ತಾಳೆ ಹಾಕುವುದಿಲ್ಲ. ಇದಲ್ಲದೆ ದಿನವೂ ಅಲರ್ಜಿಯ ವಸ್ತುವಿಗೆ ಒಡ್ಡಿಕೊಂಡ ಮೂಗು ಹೆಚ್ಚು ಹೆಚ್ಚು ಸೂಕ್ಷ್ಮವಾಗುತ್ತಾ ಹೋಗಿ, ಋತುವಿನ ಕೊನೆಗೆ ಮೊದಲಿಗಿಂತ ಬಹಳ ಕಡಿಮೆ ಪರಾಗಕ್ಕೂ ಕೆರಳುತ್ತದೆ.

ಯಾವ ಬಗೆಯ ಕೆಲಸ ಹೆಚ್ಚು ಕೆಡುತ್ತದೆ? ನನಗೆ ಮಾತುಕತೆ ಸಲೀಸು, ಲೆಕ್ಕ ಮಾತ್ರ ಕಷ್ಟ.

ಪ್ರಯೋಗಗಳಲ್ಲಿ ಹೆಚ್ಚಾಗಿ ಕುಗ್ಗಿ ಕಂಡಿರುವುದು ಬಹಳ ಹೊತ್ತು ಒಂದೇ ವಿಷಯದ ಮೇಲೆ ಎಚ್ಚರವಾಗಿರುವ ಶಕ್ತಿ, ಪ್ರತಿಕ್ರಿಯೆಯ ವೇಗ, ಮತ್ತು ಒಂದು ಸಂಖ್ಯೆಯನ್ನೋ ವಾಕ್ಯವನ್ನೋ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡೇ ಮುಂದಿನ ಹೆಜ್ಜೆ ಇಡುವ ಸಾಮರ್ಥ್ಯ. ಅಮೆರಿಕದಲ್ಲಿ ರ್‍ಯಾಗ್‌ವೀಡ್ ಎಂಬ ಕಳೆಯ ಪರಾಗಕ್ಕೆ ಅಲರ್ಜಿಯಿದ್ದವರನ್ನು ಆ ಗಿಡ ಹೂಬಿಡುವ ಕಾಲದಲ್ಲೂ ಇತರ ಕಾಲದಲ್ಲೂ ಪರೀಕ್ಷಿಸಿದಾಗ ಇಂಥ ವ್ಯತ್ಯಾಸಗಳು ಕಂಡುಬಂದವು. ಮಾತುಕತೆಯಲ್ಲಿ ಎದುರಿನವರು ಗಮನವನ್ನು ಕ್ಷಣಕ್ಷಣಕ್ಕೂ ಎಳೆದು ತರುತ್ತಾರೆ. ಲೆಕ್ಕದಲ್ಲಿ ಹಾಗೆ ಎಳೆಯುವವರಿಲ್ಲ, ಬಗಲಲ್ಲಿದ್ದ ದಶಕ ಜಾರಿದರೆ ಇಡೀ ಲೆಕ್ಕವೇ ಜಾರುತ್ತದೆ. ಬುದ್ಧಿಶಕ್ತಿ ಕುಂದಿತೆಂದು ಇದರಿಂದ ಹೆದರಬೇಕಿಲ್ಲ: ಋತು ಮುಗಿದಾಗ ಅಥವಾ ಚಿಕಿತ್ಸೆ ಫಲಿಸಿದಾಗ ಹಿಂದಿನ ವೇಗ ಮರಳುತ್ತದೆ.

## ಔಷಧಗಳ ಬಗ್ಗೆ

ಮಾತ್ರೆ ತೆಗೆದುಕೊಂಡರೆ ನಿದ್ದೆ, ಬಿಟ್ಟರೆ ಸೀನು. ಎರಡರಲ್ಲಿ ಯಾವುದನ್ನು ಆರಿಸಲಿ?

ಹೀಗೆ ಆರಿಸಬೇಕಾದ ಕಾಲ ಮುಗಿದು ದಶಕಗಳಾದವು. ಆದರೂ ಪ್ರಶ್ನೆ ನಿಂತಿಲ್ಲ, ಏಕೆಂದರೆ ಹಳೆಯ ಮಾತ್ರೆಗಳು ಇಂದಿಗೂ ಸುಲಭವಾಗಿ ಕೈಗೆ ಸಿಗುತ್ತವೆ. ಹಿಸ್ಟಮೀನ್ ಮೂಗಿನಲ್ಲಿ ಶತ್ರು, ಮಿದುಳಿನಲ್ಲಿ ಮಿತ್ರ. ಮಿದುಳಿನ ಹೈಪೊಥಲಮಸ್ ಭಾಗದಲ್ಲಿರುವ ಒಂದು ಸಣ್ಣ ನರಕೋಶ ಗುಂಪು ಹಿಸ್ಟಮೀನನ್ನೇ ಬಳಸಿ ಇಡೀ ಮಿದುಳನ್ನು ಎಚ್ಚರವಾಗಿಡುತ್ತದೆ. ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್, ಪ್ರೊಮೆಥಜಿನ್, ಹೈಡ್ರಾಕ್ಸಿಜಿನ್ ಮುಂತಾದ ಮೊದಲ ತಲೆಮಾರಿನ ಔಷಧಗಳು ರಕ್ತದಿಂದ ಮಿದುಳಿಗೆ ಸಲೀಸಾಗಿ ದಾಟಿ ಆ ಎಚ್ಚರದ ಕೆಲಸವನ್ನೂ ತಡೆಯುತ್ತವೆ. ಔಷಧ ಮಿದುಳಿನಲ್ಲಿ ಎಷ್ಟು ಜಾಗ ಹಿಡಿದಿದೆ ಎಂದು ಚಿತ್ರ ತೆಗೆದು ನೋಡುವ ವಿಧಾನದಿಂದ ಜಪಾನಿನ ಸಂಶೋಧಕರು ಅಳೆದಾಗ, ಹಳೆಯ ಮಾತ್ರೆಗಳ ಸಾಮಾನ್ಯ ಪ್ರಮಾಣವೂ ಅಲ್ಲಿನ ಹಿಸ್ಟಮೀನ್ ಗ್ರಾಹಕಗಳಲ್ಲಿ (ಹಿಸ್ಟಮೀನ್ ಬಂದು ಕೂರುವ ತಾಣಗಳಲ್ಲಿ) ಅರ್ಧದಷ್ಟನ್ನು ಆಕ್ರಮಿಸಬಲ್ಲದೆಂದೂ, ಹೊಸ ತಲೆಮಾರಿನ ಫೆಕ್ಸೊಫೆನಡಿನ್ ಬಹುತೇಕ ಏನನ್ನೂ ಮುಟ್ಟುವುದಿಲ್ಲವೆಂದೂ ತಿಳಿಯಿತು.

ಮಿದುಳಿಗೆ ಹೆಚ್ಚು ದಾಟದ ಈ ಎರಡನೆಯ ತಲೆಮಾರಿನ ಮಾತ್ರೆಗಳೆಲ್ಲ ಒಂದೇ ಅಲ್ಲ. ಫೆಕ್ಸೊಫೆನಡಿನ್ ಮತ್ತು ಬಿಲಾಸ್ಟಿನ್ ಮಂಪರಿನ ಮಟ್ಟಿಗೆ ಅತ್ಯಂತ ಸೌಮ್ಯ. ಲೊರಾಟಡಿನ್ ಮತ್ತು ಡೆಸ್‌ಲೊರಾಟಡಿನ್ ಸಾಮಾನ್ಯ ಪ್ರಮಾಣದಲ್ಲಿ ಹಾಗೆಯೇ. ಬಹಳ ಬಳಕೆಯಲ್ಲಿರುವ ಸೆಟಿರಿಜಿನ್ ನಡುವೆ ನಿಲ್ಲುತ್ತದೆ: 10 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 14 ಮಂದಿ ಮಂಪರು ಹೇಳಿಕೊಂಡರೆ, ಔಷಧವಿಲ್ಲದ ಹುಸಿಮಾತ್ರೆ ನುಂಗಿದವರಲ್ಲಿ ಹಾಗೆಂದವರು ಸುಮಾರು 6. ಎಂದರೆ ಹೆಚ್ಚಿನವರಿಗೆ ಅದು ಸರಿಹೋಗುತ್ತದೆ, ಕೆಲವರಿಗೆ ಹೋಗುವುದಿಲ್ಲ. ನೀವು ಆ ಕೆಲವರಲ್ಲಿ ಒಬ್ಬರಾದರೆ ಅಲರ್ಜಿ ಮಾತ್ರೆಯನ್ನೇ ತ್ಯಜಿಸಬೇಕಿಲ್ಲ, ಬೇರೊಂದನ್ನು ಕೇಳಿ. ಫೆಕ್ಸೊಫೆನಡಿನನ್ನು ಮಾತ್ರ ನೀರಿನಲ್ಲೇ ನುಂಗಬೇಕು. ಕಿತ್ತಳೆ, ಸೇಬು ಅಥವಾ ಗ್ರೇಪ್‌ಫ್ರೂಟ್ ಹಣ್ಣಿನ ರಸಗಳಂಥ ಹಣ್ಣಿನ ರಸದೊಂದಿಗೆ ತೆಗೆದುಕೊಂಡರೆ ರಕ್ತಕ್ಕೆ ಸೇರುವ ಪ್ರಮಾಣ ಕುಸಿಯಬಹುದು. ಬಿಲಾಸ್ಟಿನನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು.

ಹಳೆಯ ಮಾತ್ರೆ ನನಗೆ ಒಗ್ಗಿಹೋಗಿದೆ, ನಿದ್ದೆಯೇ ಬರುವುದಿಲ್ಲ. ಆಗಲೂ ಬದಲಿಸಬೇಕೇ?

ಬದಲಿಸುವುದೇ ಮೇಲು. ನಿದ್ದೆ ಬಂದಂತೆ ಅನಿಸುವುದು ಮತ್ತು ಸಾಮರ್ಥ್ಯ ಕುಗ್ಗುವುದು ಬೇರೆ ಬೇರೆ ಸಂಗತಿಗಳು. ಅಮೆರಿಕದ ಅಯೋವಾದಲ್ಲಿ 40 ಮಂದಿ ಅಲರ್ಜಿ ಪೀಡಿತ ಚಾಲಕರನ್ನು ನಿಜವಾದ ರಸ್ತೆಯಂತೆ ತೋರುವ ಚಾಲನಾ ಯಂತ್ರದಲ್ಲಿ ಕೂರಿಸಿ ನಡೆಸಿದ ಪ್ರಯೋಗ 2000ದಲ್ಲಿ ಪ್ರಕಟವಾಯಿತು. 50 ಮಿಲಿಗ್ರಾಂ ಡೈಫೆನ್‌ಹೈಡ್ರಮಿನ್ ತೆಗೆದುಕೊಂಡಾಗ, ಮುಂದಿನ ವಾಹನದ ವೇಗಕ್ಕೆ ತಕ್ಕಂತೆ ತಮ್ಮ ವೇಗವನ್ನು ಹೊಂದಿಸಿಕೊಳ್ಳುವುದರಲ್ಲಿ ಅವರು ಮದ್ಯ ಕುಡಿದಾಗಿನದಕ್ಕಿಂತಲೂ ಕಳಪೆಯಾಗಿದ್ದರು. ಫೆಕ್ಸೊಫೆನಡಿನ್ ತೆಗೆದುಕೊಂಡಾಗ ಹುಸಿಮಾತ್ರೆಯ ದಿನದಂತೆಯೇ ಓಡಿಸಿದರು. ಈ ಪ್ರಶ್ನೆ ಕೇಳುವವರಿಗೆ ಮುಖ್ಯವಾದ ಮಾತೆಂದರೆ, ತಮಗೆ ಎಷ್ಟು ನಿದ್ದೆ ಬರುತ್ತಿದೆ ಎಂದು ಅವರು ಹೇಳಿದ್ದಕ್ಕೂ ಹೇಗೆ ಓಡಿಸಿದರು ಎಂಬುದಕ್ಕೂ ಅಷ್ಟಾಗಿ ತಾಳೆ ಬೀಳಲಿಲ್ಲ. ದ್ವಿಚಕ್ರ ವಾಹನದಲ್ಲಿ ಕಾಲೇಜಿಗೆ ಹೋಗುವವರು ಇದನ್ನು ಅಂಕಪಟ್ಟಿಗಿಂತ ಗಂಭೀರವಾಗಿ ಪರಿಗಣಿಸಬೇಕು. ನೆಗಡಿ, ಕೆಮ್ಮಿನ ಅನೇಕ ಮಿಶ್ರ ಮಾತ್ರೆ ಮತ್ತು ಸಿರಪ್ಪುಗಳಲ್ಲಿಯೂ ಇದೇ ಹಳೆಯ ಔಷಧಗಳಿರುತ್ತವೆ. ಹೊದಿಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ.

ಹಾಗಾದರೆ ರಾತ್ರಿ ಮಲಗುವಾಗ ಅದೇ ಮಾತ್ರೆ ತೆಗೆದುಕೊಂಡರೆ ಒಳ್ಳೆಯದಲ್ಲವೇ? ನಿದ್ದೆಯೂ ಬರುತ್ತದೆ, ಬೆಳಿಗ್ಗೆಗೆ ಇಳಿದಿರುತ್ತದೆ.

ಇಳಿದಿರುವುದಿಲ್ಲ. ವಯಸ್ಕರಲ್ಲಿ ಕ್ಲೋರ್‌ಫೆನಿರಮಿನ್ ಅರ್ಧಕ್ಕೆ ಇಳಿಯಲು ಸುಮಾರು 20 ಗಂಟೆಗಳೇ ಬೇಕು. ರಾತ್ರಿ ಹತ್ತಕ್ಕೆ ನುಂಗಿದ್ದು ಮರುದಿನದ ಮೊದಲ ತರಗತಿಯಲ್ಲಿ ಪೂರ್ತಿ ಎಚ್ಚರದಿಂದ ನಿಮ್ಮ ಪಕ್ಕದಲ್ಲೇ ಕುಳಿತಿರುತ್ತದೆ, ನೀವು ಮಾತ್ರ ತೂಕಡಿಸುತ್ತಿರುತ್ತೀರಿ. ಅಲ್ಲದೆ ಈ ಔಷಧಗಳು ತರುವ ನಿದ್ದೆಯಲ್ಲಿ ಕನಸು ಕಾಣುವ ಹಂತ ಕಡಿಮೆಯಾಗುತ್ತದೆ.

ಮೂಗಿನ ಸ್ಪ್ರೇ ಎರಡು ದಿನ ಹಾಕಿದೆ. ಏನೂ ಆಗಲಿಲ್ಲ, ಬಿಟ್ಟೆ. ತಪ್ಪೇ?

ಬೇಗ ಬಿಟ್ಟಿರಿ. ಫ್ಲುಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್ ಮುಂತಾದ ಸ್ಟೀರಾಯ್ಡ್ ಸ್ಪ್ರೇಗಳು ಮೂಗಿನ ಊತವನ್ನೇ ಇಳಿಸುವುದರಿಂದ ಮೂಗು ಕಟ್ಟುವವರಿಗೆ ಮಾತ್ರೆಗಿಂತ ಹೆಚ್ಚು ಉಪಯುಕ್ತ. ಆದರೆ ಪೂರ್ಣ ಪರಿಣಾಮಕ್ಕೆ ಪ್ರತಿದಿನ ತಪ್ಪದೆ ಬಳಸಿ ಒಂದೆರಡು ವಾರ ಕಾಯಬೇಕು. ಸ್ಟೀರಾಯ್ಡ್ ಎಂಬ ಹೆಸರು ಕೇಳಿಯೇ ಹಿಂಜರಿಯುವವರಿದ್ದಾರೆ. ಈಗಿನ ಸ್ಪ್ರೇಗಳಿಂದ ರಕ್ತಕ್ಕೆ ಸೇರುವ ಪ್ರಮಾಣ ಬಹಳ ಕಡಿಮೆ; ಒಣಗುವಿಕೆ, ಸ್ವಲ್ಪ ರಕ್ತ ಒಸರುವುದು ಸಾಮಾನ್ಯ ತೊಂದರೆಗಳು.

ಮತ್ತೊಂದು ಕಾರಣ ಹಾಕುವ ರೀತಿ. ಹೆಚ್ಚಿನವರು ತಲೆ ಹಿಂದಕ್ಕೆ ಬಾಗಿಸಿ, ಮೂತಿಯನ್ನು ಮೂಗಿನ ನಡುಗೋಡೆಗೆ ಗುರಿಯಿಟ್ಟು ಒತ್ತಿ, ಜೋರಾಗಿ ಒಳಗೆಳೆಯುತ್ತಾರೆ; ಔಷಧ ಗಂಟಲಿಗೆ ಹೋಗಿ ಕಹಿಯೆನಿಸುತ್ತದೆ, ನಡುಗೋಡೆ ಕೆರಳಿ ರಕ್ತ ಬರುತ್ತದೆ. ಮಾಡಬೇಕಾದದ್ದು ಇದರ ತಿರುವುಮುರುವು. ಮೊದಲು ಮೂಗನ್ನು ಸೀದಿ ಖಾಲಿ ಮಾಡಿ, ಬಾಟಲಿಯನ್ನು ಅಲುಗಾಡಿಸಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ಬಲಗೈಯಲ್ಲಿ ಹಿಡಿದು ಎಡ ಹೊಳ್ಳೆಗೆ, ಎಡಗೈಯಲ್ಲಿ ಹಿಡಿದು ಬಲ ಹೊಳ್ಳೆಗೆ ಹಾಕಿದರೆ ಮೂತಿ ತಾನಾಗಿ ಹೊರಗಡೆಗೆ, ಕಿವಿಯ ದಿಕ್ಕಿಗೆ ತಿರುಗುತ್ತದೆ. ಹೂವನ್ನು ಮೂಸುವಷ್ಟು ಮೆಲ್ಲಗೆ ಉಸಿರೆಳೆದರೆ ಸಾಕು. ಹಾಕಿದ ತಕ್ಷಣ ಮೂಗು ಸೀದಬೇಡಿ.

ಮೂಗು ಬಿಡಿಸುವ ಹನಿ ಹಾಕಿದರೆ ಐದೇ ನಿಮಿಷಕ್ಕೆ ತೆರೆಯುತ್ತದೆ. ಅದನ್ನೇ ದಿನವೂ ಹಾಕಬಾರದೇ?

ಹಾಕಬಾರದು. ಆಕ್ಸಿಮೆಟಜೊಲಿನ್, ಜೈಲೊಮೆಟಜೊಲಿನ್ ಹನಿಗಳು ರಕ್ತನಾಳಗಳನ್ನು ಹಿಂಡುತ್ತವೆ. ಮೂರರಿಂದ ಐದು ದಿನ ದಾಟಿದರೆ, ಪ್ರಭಾವ ಇಳಿದಾಗಲೆಲ್ಲ ಮೂಗು ಮೊದಲಿಗಿಂತ ಹೆಚ್ಚು ಕಟ್ಟಲು ಶುರುವಾಗಿ, ಹನಿಯಿಲ್ಲದೆ ಮಲಗಲಾಗದ ಸ್ಥಿತಿ ಬರುತ್ತದೆ. ಈಗಾಗಲೇ ಆ ಸುಳಿಯಲ್ಲಿರುವವರು ನಾಚಿಕೊಳ್ಳದೆ ವೈದ್ಯರಿಗೆ ಹೇಳಬೇಕು. ಸಾಮಾನ್ಯವಾಗಿ ಸ್ಟೀರಾಯ್ಡ್ ಸ್ಪ್ರೇಯ ನೆರವಿನಿಂದ ಹನಿಯನ್ನು ಬಿಡಿಸುತ್ತಾರೆ. ಇದೇ ಉದ್ದೇಶದ ಸೂಡೊಎಫೆಡ್ರಿನ್ ಮಾತ್ರೆಗಳು ಕೆಲವರಿಗೆ ಎದೆಬಡಿತವನ್ನೂ ನಿದ್ರಾಹೀನತೆಯನ್ನೂ ತರುತ್ತವೆ. ಓದಲೆಂದು ಮೂಗು ತೆರೆದು, ನಿದ್ದೆ ಕಳೆದುಕೊಂಡರೆ ಲಾಭವೇನೂ ಇಲ್ಲ.

## ದಿನಚರಿ, ಕೋಣೆ, ಪರೀಕ್ಷೆ

ಪರೀಕ್ಷೆಗೆ ಮೂರು ವಾರ ಉಳಿದಿದೆ. ಈಗ ಏನು ಮಾಡಿದರೆ ಉಪಯೋಗ?

ಮೂರು ವಾರ ಸಾಕಷ್ಟು ಸಮಯ, ಆದರೆ ಇಂದೇ ಶುರುಮಾಡಿದರೆ ಮಾತ್ರ. ಸ್ಪ್ರೇ ನೆಲೆಗೊಳ್ಳಲು ಬೇಕಾದ ಎರಡು ವಾರ ಇದರಲ್ಲೇ ಸಿಗುತ್ತದೆ. ಹೊಸ ಮಾತ್ರೆಯನ್ನು ಪರೀಕ್ಷೆಯ ಬೆಳಿಗ್ಗೆ ಮೊದಲ ಬಾರಿಗೆ ನುಂಗಬೇಡಿ. ರಜೆಯ ದಿನವೊಂದರಲ್ಲಿ ತೆಗೆದುಕೊಂಡು, ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟು ಬರೆದು ನೋಡಿ. ನಿಮಗೆ ಅದು ಮಂಪರು ತರುತ್ತದೋ ಇಲ್ಲವೋ ಎಂಬುದಕ್ಕೆ ಯಾರ ಮಾತಿಗಿಂತಲೂ ಆ ಎರಡು ಗಂಟೆ ಹೆಚ್ಚು ನಂಬಲರ್ಹ. ಪರಾಗದ ಅಲರ್ಜಿಯಿದ್ದರೆ ಹೊರಗಿನಿಂದ ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಿಸುವುದು, ಮಲಗುವ ಮುನ್ನ ಕೂದಲು ತೊಳೆಯುವುದು ಉಪಯುಕ್ತ. ಇಲ್ಲವಾದರೆ ಹಗಲಿನ ಪರಾಗ ರಾತ್ರಿ ದಿಂಬಿಗೆ ವರ್ಗವಾಗುತ್ತದೆ.

ಉಪ್ಪುನೀರಿನಿಂದ ಮೂಗು ತೊಳೆಯುವುದೂ ಒಳ್ಳೆಯದೇ. ನೀರು ಮಾತ್ರ ಕುದಿಸಿ ಆರಿಸಿದ್ದೋ ಬಟ್ಟಿಯಿಳಿಸಿದ್ದೋ ಆಗಿರಬೇಕು. ನಲ್ಲಿಯ ನೀರನ್ನು ನೇರವಾಗಿ ಮೂಗಿಗೆ ಹಾಕಿ ನೆಗ್ಲೇರಿಯಾ ಎಂಬ ಅಮೀಬಾದ ಮಾರಕ ಸೋಂಕು ತಗುಲಿದ ಪ್ರಕರಣಗಳು ಅಪರೂಪವಾದರೂ ದಾಖಲಾಗಿವೆ.

ಕೋಣೆಯನ್ನು ದಿನಾ ಗುಡಿಸುತ್ತೇನೆ. ಆದರೂ ಧೂಳಿನ ಅಲರ್ಜಿ ಕಡಿಮೆಯಾಗಿಲ್ಲ.

ಒಣ ಪೊರಕೆ ಧೂಳನ್ನು ತೆಗೆಯುವುದಕ್ಕಿಂತ ಎಬ್ಬಿಸುವುದೇ ಹೆಚ್ಚು. ಒದ್ದೆ ಬಟ್ಟೆಯಿಂದ ಒರೆಸುವುದು ಉತ್ತಮ. ಅದಕ್ಕಿಂತ ಮುಖ್ಯವಾಗಿ, ಧೂಳಿನ ನುಸಿಯ ನಿಜವಾದ ನೆಲೆ ನೆಲವಲ್ಲ, ಹಾಸಿಗೆ. ಮಿಲಿಮೀಟರಿನ ಮೂರನೇ ಒಂದರಷ್ಟು ಉದ್ದದ ಈ ಜೀವಿ ನಮ್ಮ ಚರ್ಮದಿಂದ ಉದುರಿದ ಹೊಟ್ಟನ್ನು ತಿಂದು, ಗಾಳಿಯ ತೇವವನ್ನು ಹೀರಿ ಬದುಕುತ್ತದೆ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯುವುದು, ಹಾಸಿಗೆ ಮತ್ತು ದಿಂಬಿಗೆ ನುಸಿ ದಾಟಲಾರದ ಒತ್ತು ನೇಯ್ಗೆಯ ಕವಚ ಹಾಕುವುದು, ಕೋಣೆಯ ತೇವಾಂಶವನ್ನು ಶೇಕಡ 50ಕ್ಕಿಂತ ಕೆಳಗಿಡುವುದು ಇವುಗಳಲ್ಲಿ ಒಂದನ್ನೇ ಮಾಡಿದರೆ ಫಲ ಕಡಿಮೆ, ಒಟ್ಟಿಗೆ ಮಾಡಿದರೆ ಹೆಚ್ಚು. ಗಾಳಿ ಶುದ್ಧೀಕರಿಸುವ ಯಂತ್ರಕ್ಕೆ ಹಣ ಹಾಕುವ ಮೊದಲು ಯೋಚಿಸಿ: ನುಸಿಯ ಹಿಕ್ಕೆಯ ಕಣಗಳು ಭಾರವಾಗಿದ್ದು ಬೇಗ ಕೆಳಗೆ ಕೂರುತ್ತವೆ, ಯಂತ್ರ ಎಳೆದುಕೊಳ್ಳುವುದು ಗಾಳಿಯಲ್ಲಿ ತೇಲುವುದನ್ನು ಮಾತ್ರ.

## ಇನ್ನೂ ಆಳದ ಪ್ರಶ್ನೆಗಳು

ನನ್ನ ಅಲರ್ಜಿ ‘ಗಂಭೀರ’ವೇ? ವೈದ್ಯರು ಅದನ್ನು ಹೇಗೆ ಅಳೆಯುತ್ತಾರೆ?

ಎಷ್ಟು ಸಲ ಸೀನಿದಿರಿ ಎಂಬುದರಿಂದ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ಸಿದ್ಧವಾಗಿ 2001ರಲ್ಲಿ ಪ್ರಕಟವಾದ, ‘ಏರಿಯಾ’ ಎಂದು ಕರೆಯುವ ಮಾರ್ಗಸೂಚಿ ಎರಡು ವಿಷಯ ನೋಡುತ್ತದೆ. ವಾರಕ್ಕೆ ನಾಲ್ಕು ದಿನ ಅಥವಾ ಹೆಚ್ಚು, ಅದೂ ನಾಲ್ಕು ವಾರಗಳಷ್ಟು ಕಾಲ ಲಕ್ಷಣಗಳಿದ್ದರೆ ಅದು ಬಿಡದೆ ಕಾಡುವ ಬಗೆ. ನಿದ್ದೆ, ದಿನದ ಚಟುವಟಿಕೆ, ಓದು ಅಥವಾ ಕೆಲಸ ಇವುಗಳಲ್ಲಿ ಯಾವುದೊಂದು ಕೆಟ್ಟರೂ ಅಥವಾ ಲಕ್ಷಣಗಳೇ ಸಹಿಸಲಾಗದಷ್ಟಿದ್ದರೂ ಅದು ಸೌಮ್ಯವಲ್ಲ, ಮಧ್ಯಮದಿಂದ ತೀವ್ರ. ಏಕಾಗ್ರತೆ ಕೆಟ್ಟಿದೆ ಎಂಬ ನಿಮ್ಮ ದೂರು ಹೀಗೆ ಚಿಕಿತ್ಸೆಯ ಮಟ್ಟವನ್ನೇ ನಿರ್ಧರಿಸುತ್ತದೆ. ವೈದ್ಯರ ಮುಂದೆ ‘ಸ್ವಲ್ಪ ಸೀನು’ ಎಂದಷ್ಟೇ ಹೇಳಿ ಬಂದವರಿಗೆ ಸ್ವಲ್ಪ ಸೀನಿನ ಔಷಧವೇ ಸಿಗುತ್ತದೆ.

ನನಗೆ ಉಬ್ಬಸವೂ ಇದೆ. ಮೂಗಿನ ಚಿಕಿತ್ಸೆ ಬೇರೆ, ಎದೆಯದು ಬೇರೆಯೇ?

ಮೂಗು ಮತ್ತು ಶ್ವಾಸನಾಳ ಒಂದೇ ಮಾರ್ಗದ ಎರಡು ತುದಿಗಳು. ಉಬ್ಬಸ ಇರುವವರಲ್ಲಿ ಬಹುಪಾಲು ಜನರಿಗೆ ಮೂಗಿನ ತೊಂದರೆಯೂ ಇರುತ್ತದೆ, ಮತ್ತು ಮೂಗು ಹತೋಟಿಯಲ್ಲಿಲ್ಲದಾಗ ಉಬ್ಬಸವೂ ಹದಗೆಡುವುದು ಸಾಮಾನ್ಯ. ರಾತ್ರಿಯ ಕೆಮ್ಮು ಮತ್ತು ದಮ್ಮಿನಿಂದ ಎಚ್ಚರವಾಗುವುದು ಉಬ್ಬಸ ಹತೋಟಿಯಲ್ಲಿಲ್ಲ ಎಂಬುದರ ಸೂಚನೆ. ಮರುದಿನದ ಮರೆವಿಗೂ ಜಡತೆಗೂ ಅದೇ ಸಾಕು. ತಕ್ಷಣ ಉಪಶಮನ ಕೊಡುವ ಇನ್‌ಹೇಲರ್ ಪದೇ ಪದೇ ಬೇಕಾಗುತ್ತಿದ್ದರೆ ತಡೆಗಟ್ಟುವ ಇನ್‌ಹೇಲರ್ ಸಾಲದೆಂದು ಅರ್ಥ. ಮಾತು ಮುಗಿಸಲಾಗದಷ್ಟು ಉಸಿರು ಕಟ್ಟುವುದು, ತುಟಿ ನೀಲಿಯಾಗುವುದು ತುರ್ತು ಸ್ಥಿತಿ. ಆಗ ಆಸ್ಪತ್ರೆಗೆ ಹೋಗಬೇಕು.

ಮಾಂಟೆಲುಕಾಸ್ಟ್ ಶುರುಮಾಡಿದ ಮೇಲೆ ಕೆಟ್ಟ ಕನಸು, ಸಿಡುಕು. ಕಾಕತಾಳೀಯವೇ?

ಹಾಗೆಂದು ತಳ್ಳಿಹಾಕಬೇಡಿ. ಮಾಂಟೆಲುಕಾಸ್ಟ್ ಉಬ್ಬಸಕ್ಕೂ ಮೂಗಿನ ಅಲರ್ಜಿಗೂ ಕೊಡುವ ಮಾತ್ರೆ. ದುಃಸ್ವಪ್ನ, ನಿದ್ರಾಭಂಗ, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆಗಳ ವರದಿಗಳ ಹಿನ್ನೆಲೆಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಮಾರ್ಚ್‌ನಲ್ಲಿ ಈ ಔಷಧಕ್ಕೆ ತನ್ನ ಅತಿ ಗಂಭೀರ ಎಚ್ಚರಿಕೆಯನ್ನು ಸೇರಿಸಿತು; ಕೇವಲ ಮೂಗಿನ ಅಲರ್ಜಿಗಾದರೆ, ಇತರ ಔಷಧಗಳು ಫಲಿಸದವರಿಗೆ ಅಥವಾ ಒಗ್ಗದವರಿಗೆ ಮಾತ್ರ ಕೊಡಬೇಕೆಂದೂ ಹೇಳಿತು. ಹೆಚ್ಚಿನವರಿಗೆ ಈ ತೊಂದರೆ ಆಗುವುದಿಲ್ಲ. ಆದರೆ ಲೆವೊಸೆಟಿರಿಜಿನ್ ಎಂಬ ಅಲರ್ಜಿ ಔಷಧದ ಜೊತೆ ಬೆರೆಸಿದ ಮಾತ್ರೆಯಾಗಿ ಇದನ್ನು ತಿಂಗಳುಗಟ್ಟಲೆ ನುಂಗುವ ಹಲವರಿಗೆ ಅದರೊಳಗೆ ಎರಡು ಔಷಧಗಳಿವೆ ಎಂಬುದೇ ಗೊತ್ತಿರುವುದಿಲ್ಲ. ಮನಸ್ಸಿನಲ್ಲಿ ಬದಲಾವಣೆ ಕಂಡರೆ ಅದೇ ದಿನ ವೈದ್ಯರನ್ನು ಸಂಪರ್ಕಿಸಿ.

ನನಗೆ ಎಡಿಎಚ್‌ಡಿ ಇರಬಹುದೇ, ಅಥವಾ ಎಲ್ಲವೂ ಅಲರ್ಜಿಯೇ?

ಎಡಿಎಚ್‌ಡಿ ಎಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ. ಅದು ಬಾಲ್ಯದಿಂದಲೇ, ಹನ್ನೆರಡು ವರ್ಷದೊಳಗೇ ಲಕ್ಷಣ ತೋರಿರುತ್ತದೆ, ಮತ್ತು ಎಲ್ಲ ಋತುಗಳಲ್ಲೂ, ಒಂದಕ್ಕಿಂತ ಹೆಚ್ಚು ಸನ್ನಿವೇಶಗಳಲ್ಲೂ ಇರುತ್ತದೆ. ಮೂಗು ಕಟ್ಟಿದ ವಾರಗಳಲ್ಲಿ ಮಾತ್ರ ಗಮನ ಚದುರಿ, ಮೂಗು ತೆರೆದಾಗ ಸರಿಹೋಗುವುದಾದರೆ ಅಲರ್ಜಿಯ ಮೇಲಿನ ಅನುಮಾನ ಬಲವಾಗುತ್ತದೆ. ಎರಡೂ ಒಬ್ಬರಲ್ಲೇ ಇರಬಹುದು. ಅಲರ್ಜಿಯಿರುವವರಲ್ಲಿ ಎಡಿಎಚ್‌ಡಿ ತುಸು ಹೆಚ್ಚಾಗಿ ಕಾಣುತ್ತದೆಂದು ಅಧ್ಯಯನಗಳು ತೋರಿಸಿವೆ. ಮೊದಲು ನಾಲ್ಕಾರು ವಾರ ಮೂಗಿಗೆ ಸರಿಯಾದ ಚಿಕಿತ್ಸೆ ಮಾಡಿ, ಆಮೇಲೆ ಉಳಿದದ್ದನ್ನು ಅಳೆಯುವುದು ನ್ಯಾಯವಾದ ಕ್ರಮ.

ಅಲರ್ಜಿ ಬುಡಸಮೇತ ಹೋಗಲು ಇಂಜೆಕ್ಷನ್ ಇದೆಯಂತೆ. ನಿಜವೇ?

ಬುಡಸಮೇತ ಎಂಬ ಭರವಸೆ ಯಾರೂ ಕೊಡಲಾಗದು, ಆದರೆ ರೋಗದ ದಿಕ್ಕನ್ನೇ ಬದಲಿಸಬಲ್ಲ ಚಿಕಿತ್ಸೆ ಇದೊಂದೇ. ಅಲರ್ಜಿ ತರುವ ವಸ್ತುವನ್ನೇ ಅತಿ ಸಣ್ಣ ಪ್ರಮಾಣದಿಂದ ಏರಿಸುತ್ತಾ ಕೊಟ್ಟು ದೇಹಕ್ಕೆ ಅದನ್ನು ಸಹಿಸುವುದನ್ನು ಕಲಿಸುವ ಈ ಇಮ್ಯುನೊಥೆರಪಿಯನ್ನು ಲಂಡನ್ನಿನ ಲಿಯೊನಾರ್ಡ್ ನೂನ್ 1911ರಲ್ಲಿ ಹುಲ್ಲಿನ ಪರಾಗಕ್ಕಾಗಿ ವರದಿ ಮಾಡಿದರು. ಈಗ ಇಂಜೆಕ್ಷನ್ ಅಲ್ಲದೆ ನಾಲಿಗೆಯ ಅಡಿಯಲ್ಲಿ ಇಡುವ ಮಾತ್ರೆ ಮತ್ತು ಹನಿಗಳೂ ಇವೆ. ಮೂರರಿಂದ ಐದು ವರ್ಷ ಬಿಡದೆ ಮುಂದುವರಿಸಬೇಕು. ಹಾಗೆ ಮುಗಿಸಿದವರಲ್ಲಿ ನಿಲ್ಲಿಸಿದ ಮೇಲೂ ಲಾಭ ಕೆಲವು ವರ್ಷ ಉಳಿಯುತ್ತದೆ. ಪ್ರತಿ ಇಂಜೆಕ್ಷನ್ ನಂತರ ಅರ್ಧ ಗಂಟೆ ಅಲ್ಲೇ ಕುಳಿತಿರಬೇಕೆಂಬ ನಿಯಮ ಅಪರೂಪದ ತೀವ್ರ ಪ್ರತಿಕ್ರಿಯೆಯ ಭಯಕ್ಕಾಗಿ. ಅದನ್ನು ತಪ್ಪಿಸಿ ಓಡಬೇಡಿ. ಉಬ್ಬಸ ಹತೋಟಿಯಲ್ಲಿಲ್ಲದವರಿಗೆ ಇದನ್ನು ಕೊಡುವುದಿಲ್ಲ. ಮುಂದಿನ ತಿಂಗಳ ಪರೀಕ್ಷೆಗೆ ಇದರಿಂದ ಪ್ರಯೋಜನವಿಲ್ಲ. ಮೂರು ವರ್ಷದ ಪದವಿಗೆ ಸೇರಿದವರು ಮೊದಲ ವರ್ಷದಲ್ಲೇ ಯೋಚಿಸಬಹುದು.

ಎಲ್ಲ ಮಾಡಿದೆ, ಮೂಗು ತೆರೆದಿದೆ. ಆದರೂ ಗಮನ ನಿಲ್ಲುತ್ತಿಲ್ಲ. ಇನ್ನೇನು?

ಹಾಗಾದರೆ ಅಲರ್ಜಿಯನ್ನು ಬಿಟ್ಟು ಬೇರೆಡೆ ನೋಡಬೇಕು. ಗೊರಕೆಯ ನಡುವೆ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ, ಕಬ್ಬಿಣದ ಕೊರತೆಯ ರಕ್ತಹೀನತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಆತಂಕ, ಮತ್ತು ಎಲ್ಲಕ್ಕಿಂತ ಸಾಮಾನ್ಯವಾಗಿ ಬರಿಯ ನಿದ್ದೆಗೇಡು ಇದೇ ವೇಷದಲ್ಲಿ ಬರುತ್ತವೆ. ಎರಡು ವಾರ ಒಂದು ಸಣ್ಣ ಪುಸ್ತಕ ಇಟ್ಟುಕೊಂಡು ನಾಲ್ಕೇ ಅಂಶ ಬರೆಯಿರಿ: ಮಲಗಿದ ಮತ್ತು ಎದ್ದ ಹೊತ್ತು, ಬೆಳಿಗ್ಗೆ ಮೂಗು ಎಷ್ಟು ಕಟ್ಟಿತ್ತು ಎಂಬುದಕ್ಕೆ ಹತ್ತರಲ್ಲಿ ಒಂದು ಅಂಕ, ತೆಗೆದುಕೊಂಡ ಔಷಧ ಮತ್ತು ಅದರ ಸಮಯ, ಮತ್ತೆ ಮತ್ತೆ ಹಿಂದಿರುಗದೆ ಒಂದೇ ಪಟ್ಟಿಗೆ ಎಷ್ಟು ನಿಮಿಷ ಓದಿದಿರಿ ಎಂಬುದು. ಹದಿನಾಲ್ಕು ಸಾಲುಗಳಲ್ಲಿ ಮೂಗಿನ ಅಂಕ ಏರಿದ ದಿನವೇ ಓದಿನ ನಿಮಿಷ ಇಳಿಯುತ್ತಿದ್ದರೆ ಮೂಗಿನ ಚಿಕಿತ್ಸೆ ಇನ್ನೂ ಸಾಲದು. ಎರಡಕ್ಕೂ ತಾಳೆ ಬೀಳದಿದ್ದರೆ ಆ ಪುಸ್ತಕವನ್ನೇ ವೈದ್ಯರ ಮುಂದಿಡಿ. ರಕ್ತಪರೀಕ್ಷೆ ಬೇಕೋ, ನಿದ್ರೆಯ ಪರೀಕ್ಷೆ ಬೇಕೋ, ಮನೋವೈದ್ಯರ ಸಲಹೆ ಬೇಕೋ ಎಂಬುದನ್ನು ಅವರು ಅದರಿಂದಲೇ ಮುಂದುವರಿಸುತ್ತಾರೆ.